ಪದರು ಏಳುವ ಮೊದಲು

ಮಾತಿಗಿಂತ ಮುಂಚೆ ಒಂದು ಸಣ್ಣ ಕೆಲಸ ಮಾಡೋಣ. ಮನೆಯಲ್ಲಿ ಕೂತು ಕೇಳುತ್ತಿದ್ದರೆ, ಕೂತಲ್ಲಿಯೇ ಅಂಗೈಯನ್ನು ನೆಲದ ಮೇಲಿಡಿ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯ ಮನೆಯಾದರೆ ಬಹುಮಟ್ಟಿಗೆ ಅದು ಪರಸಿ ಕಲ್ಲೇ. ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಬೆರಳಾಡಿಸಿದರೆ ಅಲ್ಲಲ್ಲಿ ಒಂದು ಕೂದಲೆಳೆಯಷ್ಟು ಏರಿಳಿತ ಸಿಗುತ್ತದೆ. ಹಳೆಯ ಮನೆಯಾಗಿದ್ದರೆ ಬಚ್ಚಲ ಹತ್ತಿರ, ನೀರು ಸದಾ ಹರಿಯುವ ಕಡೆ, ಕಲ್ಲಿನ ಮೇಲ್ಭಾಗ ಹಪ್ಪಳದಂತೆ ಎದ್ದು ಬಂದಿರುತ್ತದೆ. ಈ ಎದ್ದ ಪದರಿನ ಬಗ್ಗೆಯೇ ನಾನು ಇವತ್ತು ಮಾತಾಡಬೇಕೆಂದಿರುವುದು.

ನಾನು ಭಂಕೂರಿನವನು. ನಮ್ಮಪ್ಪ ಪರಸಿ ಖಣಿಯಲ್ಲಿ ಕೆಲಸ ಮಾಡಿದವರು. ರಜೆಯಲ್ಲಿ ಬುತ್ತಿ ಒಯ್ದು ಕೊಡಲು ಹೋದಾಗ ನಾನು ಖಣಿಯ ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಕಲ್ಲಿನ ಪದರುಗಳ ನಡುವೆ ಬೆಣೆ ಇಟ್ಟು, ಮೆಲ್ಲಗೆ ಬಡಿದು, ಹಾರೆಯಿಂದ ಮೀಟಿದರೆ ಪುಸ್ತಕದ ಹಾಳೆ ತೆರೆದಂತೆ ಇಡೀ ಹಾಸು ಬಿಟ್ಟುಕೊಳ್ಳುತ್ತಿತ್ತು. ಅಪ್ಪನ ಜೊತೆಗಿದ್ದ ಒಬ್ಬ ಕಾಕಾ ಹೇಳುತ್ತಿದ್ದ ಮಾತು ನೆನಪಿದೆ: "ತಮ್ಮಾ, ನೆಲದಾಗ ಇರೋತನಕ ಕಲ್ಲು ಮಲಗಿರ್ತದ. ಹೊರಗ ತೆಗದೆವಂದ್ರ ಅದಕ್ಕೂ ಬಿಸಲು, ಮಳಿ ಎಲ್ಲಾ ತಗಲ್ತದ." ಆಗ ಅದು ನನಗೆ ತಮಾಷೆಯ ಮಾತಿನಂತೆ ಕೇಳಿಸಿತ್ತು. ಕನಗನಹಳ್ಳಿಯ ಶಿಲ್ಪಗಳನ್ನು ಮೊದಲ ಸಲ ನೋಡಿದ ದಿನ ಅದರ ಅರ್ಥ ಆಯಿತು.

ಚಿತ್ತಾಪುರ ತಾಲೂಕಿನ ಸನ್ನತಿ ನಿಮಗೆಲ್ಲ ಗೊತ್ತು. ಭೀಮೆಯ ದಂಡೆಯ ಚಂದ್ರಲಾ ಪರಮೇಶ್ವರಿಯ ಊರು. ಅಲ್ಲಿ ಬೌದ್ಧರ ಕಾಲದ ಅವಶೇಷಗಳಿವೆ ಎಂದು 1954ರಲ್ಲಿ ಕಪಟರಾಳ ಕೃಷ್ಣರಾಯರು ಗುರುತಿಸಿದರು. 1986ರಲ್ಲಿ ದೇವಿಯ ಗುಡಿಯ ಆವರಣದಲ್ಲಿರುವ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು, ಮೂರ್ತಿ ಒಡೆಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ. ಮೂರ್ತಿಯನ್ನು ಕೂಡಿಸಲು ಯಾವ ಕಾಲದಲ್ಲೋ ಆ ಚಪ್ಪಡಿಯ ನಡುವೆ ತೂತು ಕೊರೆದಿದ್ದರು. ಆ ತೂತಿನ ಜಾಗದಲ್ಲಿದ್ದ ಅಕ್ಷರಗಳು ಹೋದವು. ಕೊರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಣ್ಣಿಗೆ ಅದು ಒಳ್ಳೆಯ, ಸಮತಟ್ಟಾದ ಒಂದು ಹಾಸುಗಲ್ಲು. ಕೊರೆಯುವ ಮುಂಚೆ ಅದರ ಒಂದು ಪಡಿಯಚ್ಚು ಯಾರ ಬಳಿಯಾದರೂ ಇದ್ದಿದ್ದರೆ ಎಂದು ಮಾತ್ರ ಅನ್ನಿಸುತ್ತದೆ.

ಸನ್ನತಿಯಿಂದ ಸ್ವಲ್ಪವೇ ದೂರದಲ್ಲಿ ಕನಗನಹಳ್ಳಿ. 1994ರಿಂದ ಕೆಲವು ವರ್ಷ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಉತ್ಖನನ ನಡೆಸಿತು. ಮಣ್ಣಿನೊಳಗೆ ಕುಸಿದು ಬಿದ್ದಿದ್ದ ಒಂದು ಮಹಾಸ್ತೂಪ ಹೊರಗೆ ಬಂತು. ಅದರ ಶಾಸನಗಳಲ್ಲೇ ಬರುವ ಹೆಸರು ಅಧೋಲೋಕ ಮಹಾಚೈತ್ಯ. ಸ್ತೂಪದ ಸುತ್ತ ಹೊದಿಸಿದ್ದ ಚಪ್ಪಡಿಗಳಲ್ಲಿ ಕೆಲವು ಆಳೆತ್ತರವನ್ನೂ ಮೀರಿದವು. ಅವುಗಳ ಮೈತುಂಬ ಜಾತಕದ ಕಥೆಗಳು, ಬೋಧಿವೃಕ್ಷ, ಚಕ್ರ, ನಾಗರಾಜರು, ಆನೆ, ಕುದುರೆ. ಶಾತವಾಹನ ದೊರೆಗಳೂ ಇದ್ದಾರೆ. ಸಿಮುಕ, ಪುಳುಮಾವಿ ಮೊದಲಾದವರ ಚಿತ್ರದ ಜೊತೆ ಅವರವರ ಹೆಸರನ್ನೂ ಕೆತ್ತಿದ್ದಾರೆ. ಇನ್ನೊಂದು ಚಪ್ಪಡಿಯಲ್ಲಿ ಒಬ್ಬ ರಾಜ, ರಾಣಿ, ಚಾಮರ ಬೀಸುವವರು, ಛತ್ರಿ ಹಿಡಿದವರು. ಅದರ ಮೇಲೆ ಎರಡೇ ಮಾತು: ರಾಯ ಅಸೋಕೋ. ಅಶೋಕನ ಹೆಸರು ಅವನದೇ ಶಾಸನದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ, 1915ರಲ್ಲಿ. ಹೆಸರಿನ ಜೊತೆಗೆ ರೂಪವೂ ಸಿಕ್ಕಿದ್ದು ಕನಗನಹಳ್ಳಿಯಲ್ಲಿ. ಅಶೋಕ ಸತ್ತು ತಲೆಮಾರುಗಳು ಕಳೆದ ಮೇಲೆ ಕೆತ್ತಿದ ಚಿತ್ರ ಅದು, ಆದ್ದರಿಂದ ಅದು ಅವನ ನಿಜವಾದ ಮುಖ ಎಂದು ಹೇಳಲಾಗದು. ಆದರೂ ನಮ್ಮ ನೆಲದ ಒಬ್ಬ ಶಿಲ್ಪಿ ಅವನನ್ನು ಹೇಗೆ ನೆನೆದ ಎಂಬುದು ಅಲ್ಲಿದೆ.

ಇನ್ನು ಕಲ್ಲಿನ ಮಾತು. ಆ ಚಪ್ಪಡಿಗಳು ನಮ್ಮ ಸುಣ್ಣಕಲ್ಲೇ. ಭೀಮಾ ಕೊಳ್ಳದಲ್ಲಿ ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರು ಪದರಾಗಿ ಕೂತು ಗಟ್ಟಿಯಾದದ್ದು. ಈಗ ನೀವು ಅಂಗೈ ಇಟ್ಟಿರಲ್ಲ, ಅದೇ ಜಾತಿ. ವಾಡಿಯಲ್ಲಿ ಸಿಮೆಂಟಾಗುವುದೂ ಅದೇ ಜಾತಿ. ಈ ಕಲ್ಲು ನುಣುಪು, ಮೃದು. ಉಳಿಗೆ ಒಲಿಯುತ್ತದೆ. ಕಾಲಿನ ಕಡಗ, ಕೊರಳ ಸರದ ಮಣಿ, ಬಟ್ಟೆಯ ಮಡಿಕೆಯವರೆಗೂ ಶಿಲ್ಪಿ ಬಿಡಿಸಿದ್ದಾನೆಂದರೆ ಅದಕ್ಕೆ ಈ ಮೃದುತನವೇ ಕಾರಣ. ಅದೇ ಗುಣ ಈಗ ಅದರ ಆಪತ್ತು. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗಿರುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ನೆಲದ ತೇವದ ಜೊತೆ ಉಪ್ಪು ಪದರಿನೊಳಗೆ ಏರಿ, ಒಣಗುವಾಗ ಹರಳುಗಟ್ಟಿ, ಒಳಗಿನಿಂದ ಬೆಣೆ ಬಡಿಯುತ್ತದೆ. ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ರಾತ್ರಿ ಕಲ್ಲು ಮತ್ತೆ ಆರುತ್ತದೆ. ಹಿಗ್ಗಿ ಕುಗ್ಗಿ ಪದರಿನ ಹಿಡಿತ ಸಡಿಲವಾಗುತ್ತದೆ. ಅಪ್ಪ ಬೆಣೆ ಇಟ್ಟು ಒಂದು ಗಳಿಗೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಬಿಸಿಲು ಮಳೆಗಳು ಮೂವತ್ತು ವರ್ಷದಲ್ಲಿ ಮಾಡುತ್ತವೆ. ಸುಮಾರು ಎರಡು ಸಾವಿರ ವರ್ಷದ ಈ ಶಿಲ್ಪಗಳನ್ನು ಅಷ್ಟು ಕಾಲ ಕಾಪಾಡಿದ್ದು ಮಣ್ಣು. ಅಗೆದು ತೆಗೆದ ಮೇಲೆ ಎರಡು ದಶಕ ಬಹಳಷ್ಟು ಕಲ್ಲುಗಳು ನೆಲದ ಮೇಲೆಯೇ ಇದ್ದವು. 2022ರಿಂದ ಈಚೆಗೆ ಅಲ್ಲಿ ಜೀರ್ಣೋದ್ಧಾರದ ಕೆಲಸ ನಡೆದಿದೆ ಎಂಬುದು ಮನಸ್ಸಿಗೆ ಸಮಾಧಾನ ಕೊಡುವ ಸಂಗತಿ.

ಇಂಥ ಕಲ್ಲಿಗೆ ಕಂಪ್ಯೂಟರಿನ ಮೂರು ಆಯಾಮದ ಮಾದರಿ, ಅಂದರೆ ಹುಡುಗರ ಬಾಯಲ್ಲಿ ತ್ರೀಡಿ ಮಾಡೆಲ್, ಏನು ಮಾಡಬಲ್ಲದು? ಮೊದಲು ಅದು ಏನೆಂದು ಹೇಳುತ್ತೇನೆ. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು, ಅದಕ್ಕೇ ಮನೆಯಲ್ಲೇ ಇರುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ. ದಾರದ ತುದಿ ಸೂಜಿಯ ಕಣ್ಣಿನ ಆಚೆಗೋ ಈಚೆಗೋ ಹೋಗುತ್ತದೆ. ಎರಡು ಕಣ್ಣು ತೆರೆದರೆ ಕೆಲಸ ಸಲೀಸು. ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಜಾಗದಿಂದ ನೋಡುತ್ತವೆ, ಆ ವ್ಯತ್ಯಾಸದಿಂದ ಮಿದುಳು ದೂರವನ್ನು ಅಳೆಯುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಆದರೆ ಶಿಲ್ಪದ ಸುತ್ತ ಹೆಜ್ಜೆ ಹೆಜ್ಜೆಗೂ ನಿಂತು ನೂರಿನ್ನೂರು ಫೋಟೋ ತೆಗೆದರೆ ಅದಕ್ಕೆ ನೂರಿನ್ನೂರು ಕಣ್ಣು ಬಂದಂತೆ. ಕಂಪ್ಯೂಟರು ಈ ಫೋಟೋದ ಕಡಗದ ಅಂಚು, ಆ ಫೋಟೋದ ಕಡಗದ ಅಂಚು ಒಂದೇ ಎಂದು ಗುರುತಿಸಿ, ಹಾಗೆ ಲಕ್ಷಾಂತರ ಚುಕ್ಕೆಗಳನ್ನು ಹೊಂದಿಸಿ, ಯಾವ ಚುಕ್ಕೆ ಎಷ್ಟು ಮುಂದೆ ಎಷ್ಟು ಹಿಂದೆ ಎಂದು ಲೆಕ್ಕ ಹಾಕುತ್ತದೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದು ರಂಗೋಲಿ ಬಿಡಿಸುವ ಹಾಗೆ ಆ ಚುಕ್ಕೆಗಳನ್ನು ಜೋಡಿಸಿ ಒಂದು ಬಲೆ ಹೆಣೆಯುತ್ತದೆ. ಬಲೆಯ ಮೇಲೆ ಫೋಟೋದ ಬಣ್ಣ ಹೊದಿಸುತ್ತದೆ. ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಲೇಸರ್ ಬೆಳಕು ಬಿಟ್ಟು ಅದು ಮರಳುವ ಹೊತ್ತನ್ನು ಅಳೆಯುವ ಯಂತ್ರಗಳಿವೆ, ಪಟ್ಟೆ ಪಟ್ಟೆ ಬೆಳಕು ಬೀರಿ ಪಟ್ಟೆ ಬಾಗುವುದನ್ನು ನೋಡುವ ಸ್ಕ್ಯಾನರುಗಳೂ ಇವೆ. ಅವು ದುಬಾರಿ. ನೂರಾರು ಫೋಟೋಗಳ ದಾರಿ ಬಡವರ ಕೈಗೂ ಎಟಕುವಂಥದ್ದು.

ಇದು ಇಂದು ನಿನ್ನೆಯದಲ್ಲ. ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿ 1858ರಲ್ಲಿ ವೆಟ್ಸ್ಲಾರ್ ಎಂಬ ಊರಿನ ದೊಡ್ಡ ಚರ್ಚಿನ ಅಳತೆ ತೆಗೆಯುತ್ತಿದ್ದ. ಎತ್ತರದಲ್ಲಿ ಕಾಲು ತಪ್ಪಿ, ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಜೀವ ಕೈಯಲ್ಲಿ ಹಿಡಿದು ಗೋಡೆ ಹತ್ತುವ ಬದಲು ಫೋಟೋ ತೆಗೆದು, ಫೋಟೋದ ಮೇಲೆಯೇ ಅಳೆಯಬಾರದೇಕೆ ಎಂದು ಅವನಿಗೆ ಹೊಳೆಯಿತು. 1885ರಲ್ಲಿ ಅವನಿಗಾಗಿಯೇ ಒಂದು ಸರಕಾರಿ ಸಂಸ್ಥೆ ಶುರುವಾಯಿತು. ಮುಂದಿನ ದಶಕಗಳಲ್ಲಿ ಅದು ಗಾಜಿನ ತಟ್ಟೆಗಳ ಮೇಲೆ ಸುಮಾರು 20,000 ಚಿತ್ರಗಳನ್ನು ತೆಗೆದಿಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಕಟ್ಟಡಗಳು ನೆಲಸಮವಾದ ಮೇಲೆ ಮತ್ತೆ ಕಟ್ಟುವವರು ಮೊರೆಹೋದದ್ದು ಆ ಗಾಜಿನ ತಟ್ಟೆಗಳಿಗೆ. ನಮ್ಮ ಕಾಲದಲ್ಲೇ ನೋಡಿ: ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಆ್ಯಂಡ್ರೂ ಟ್ಯಾಲನ್ ಎಂಬ ಪ್ರಾಧ್ಯಾಪಕರು ಲೇಸರಿನಿಂದ ಮೂಲೆ ಮೂಲೆ ಅಳೆದಿಟ್ಟಿದ್ದರು. ಅವರು 2018ರಲ್ಲಿ ತೀರಿಕೊಂಡರು. 2019ರ ಏಪ್ರಿಲ್ 15ರಂದು ಚರ್ಚಿಗೆ ಬೆಂಕಿ ಬಿತ್ತು. ಅವರ ಅಳತೆ ಉಳಿದಿತ್ತು.

ಆದರೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕೃಷ್ಣೆಯ ಗುಂಟ ಕೆಳಗೆ ಹೋದರೆ ಅಮರಾವತಿ ಇದೆ. ಕನಗನಹಳ್ಳಿಯ ಅಕ್ಕನೆಂದೇ ಅನ್ನಬಹುದಾದ ಸ್ತೂಪ ಅಲ್ಲಿತ್ತು, ಅದೂ ಸುಣ್ಣಕಲ್ಲಿನದೇ. ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿನ ಜಮೀನ್ದಾರರು ಹೊಸ ಊರು ಕಟ್ಟಿಸುವಾಗ ದಿಬ್ಬ ಅಗೆದು ಕಲ್ಲು ಎತ್ತಿಸಿದರು. ಎಷ್ಟೋ ಶಿಲ್ಪಗಳನ್ನು ಸುಟ್ಟು ಸುಣ್ಣ ಮಾಡಿದರು. ಕರ್ನಲ್ ಮೆಕೆಂಜಿಯ ಹೆಸರು ಕೈಫಿಯತ್ತುಗಳಿಂದ ನಮಗೆ ಪರಿಚಿತ. ಅದೇ ಮೆಕೆಂಜಿ 1816ರಲ್ಲಿ ಅಮರಾವತಿಗೆ ಮತ್ತೆ ಬಂದು, ತನ್ನ ಸಹಾಯಕರಿಂದ ಉಳಿದ ಚಪ್ಪಡಿಗಳ ಚಿತ್ರ ಬರೆಸಿದ. ಆ ಚಿತ್ರಗಳಲ್ಲಿರುವ ಕೆಲವು ಚಪ್ಪಡಿಗಳು ಇವತ್ತು ಭೂಮಿಯ ಮೇಲೆಲ್ಲೂ ಇಲ್ಲ. ಕಾಗದದ ಮೇಲಿನ ಗೆರೆಯಷ್ಟೇ ಅವುಗಳ ಗುರುತು. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಇನ್ನೂರು ವರ್ಷದ ಹಿಂದೆ ಕಾಗದದ ಮೇಲಿನ ಗೆರೆ ಅಷ್ಟು ಉಳಿಸಿದ್ದರೆ, ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ನಾವು ಎಷ್ಟು ಉಳಿಸಬಹುದು!

ಮಾದರಿಯ ಮೊದಲ ಉಪಯೋಗ ಹೋಲಿಕೆ. ಈ ವರ್ಷ ಒಂದು ಚಪ್ಪಡಿಯ ಮಾದರಿ ಮಾಡುತ್ತೀರಿ, ಐದು ವರ್ಷ ಬಿಟ್ಟು ಅದೇ ಚಪ್ಪಡಿಯದು ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಎಲ್ಲಿ ಕಲ್ಲು ಸವೆದಿದೆ, ಎಲ್ಲಿ ಪದರು ಮೇಲೇಳುತ್ತಿದೆ ಎಂದು ಕಂಪ್ಯೂಟರು ಬಣ್ಣ ಹಚ್ಚಿ ತೋರಿಸುತ್ತದೆ. ಸರಿಯಾಗಿ ತೆಗೆದ ಮಾದರಿಯಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆಯ ವ್ಯತ್ಯಾಸವೂ ಸಿಗುತ್ತದೆ. ಬರಿಗಣ್ಣಿಗೆ ಪದರು ಕಾಣಿಸುವಷ್ಟು ಎದ್ದಿದೆ ಎಂದರೆ ಹೊತ್ತು ಮೀರಿದಂತೆಯೇ. ಮುಟ್ಟಿದರೆ ಕೈಗೆ ಬರುತ್ತದೆ. ಮೊದಲೇ ಗೊತ್ತಾದರೆ ಸಂರಕ್ಷಣೆಯವರು ಅಂಟು ತುಂಬಬಹುದು, ನೆರಳು ಕಟ್ಟಬಹುದು, ನೆಲದ ತೇವ ಏರದಂತೆ ತಡೆಯಬಹುದು. ಯಾವ ಕಲ್ಲಿಗೆ ಮೊದಲು ಚಿಕಿತ್ಸೆ ಎಂಬ ಸರದಿಯೂ ತಿಳಿಯುತ್ತದೆ.

ಇನ್ನೊಂದು, ಒಡೆದ ತುಂಡುಗಳ ಹೊಂದಾಣಿಕೆ. ಖಣಿಯ ಮಗನಾದ ನನಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಗೇಣು ದಪ್ಪದ ಚಪ್ಪಡಿ ಸುಮಾರು ಒಂದು ಟನ್ ತೂಗುತ್ತದೆ. ಈ ತುಂಡು ಆ ತುಂಡಿಗೆ ಕೂಡುತ್ತದೋ ಇಲ್ಲವೋ ಎಂದು ನೋಡಲು ಪ್ರತಿ ಸಲ ಎತ್ತಿ ಇಳಿಸಿದರೆ ಅಂಚು ಉದುರದೇ ಇರುತ್ತದೆಯೇ? ಒಮ್ಮೆ ಎತ್ತಿ ಇಳಿಸಿದರೆ ಮುರಿದ ಬಾಯಿಯ ಒಂದಿಷ್ಟು ಪುಡಿ ಹೋಗಿಯೇ ಹೋಗುತ್ತದೆ, ಆಮೇಲೆ ನಿಜವಾದ ಜೋಡಿ ಸಿಕ್ಕರೂ ಅಂಚು ಕೂಡದು. ಮಾದರಿಗಳಿಗೆ ತೂಕವಿಲ್ಲ. ಪರದೆಯ ಮೇಲೆ ಸಾವಿರ ಸಲ ತಿರುಗಿಸಿ, ಸಾವಿರ ಸಲ ಕೂಡಿಸಿ ನೋಡಿ, ಕೂಡುತ್ತದೆ ಎಂದು ಖಾತ್ರಿಯಾದ ಮೇಲೆ ಒಂದೇ ಸಲ ಕಲ್ಲಿಗೆ ಕೈ ಹಚ್ಚಬಹುದು. ಕಲ್ಲನ್ನು ಸಾಗಿಸಬೇಕಾದರೆ ಅದರ ಬೆನ್ನಿಗೆ ಸರಿಹೊಂದುವ ತೊಟ್ಟಿಲನ್ನೂ ಮಾದರಿ ನೋಡಿಯೇ ಮಾಡಬಹುದು.

ಅಕ್ಷರದ ಮಾತು ಬಂದರೆ ಬೆಂಗಳೂರಿನ ಕೆಲಸವನ್ನು ನೆನೆಯಲೇಬೇಕು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ 2021ರಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಯೋಜನೆ ಹಿಡಿಯಿತು. ಪಿ.ಎಲ್. ಉದಯಕುಮಾರ್ ಅವರ ನೇತೃತ್ವದ ತಂಡ ಹೊಲ, ಕೆರೆಯೇರಿ, ಗಲ್ಲಿ ಎನ್ನದೆ ತಿರುಗಿತು. ಬಿ.ಎಲ್. ರೈಸ್ ಅವರು ನೂರು ವರ್ಷದ ಹಿಂದೆ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ದಾಖಲಿಸಿದ ಎಷ್ಟೋ ಶಾಸನಗಳು ಬೆಳೆಯುವ ಊರಿನ ಬಾಯಿಗೆ ಹೋಗಿದ್ದವು. ಉಳಿದವನ್ನು ಹಿಡಿದಿಡುವುದು ಇವರ ಹಟ. ಸವೆದ ಅಕ್ಷರ ನೇರ ಬಿಸಿಲಲ್ಲಿ ಕಾಣುವುದಿಲ್ಲ, ಇಳಿಹೊತ್ತಿನ ಓರೆ ಬಿಸಿಲಿಗೆ ಕಾಣುತ್ತದೆ ಎಂದು ಶಾಸನ ಓದುವವರಿಗೆ ಗೊತ್ತು. ಮಾದರಿಯ ಮೇಲಾದರೆ ಬೇಕಾದ ಕೋನದಿಂದ ಬೇಕಾದಷ್ಟು ಹೊತ್ತು ಆ ಓರೆ ಬೆಳಕು ಬಿಡಬಹುದು. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ ಬಳಿಯುವುದು, ಬಳಪ ತಿಕ್ಕುವುದು ಬೇಕಾಗುವುದಿಲ್ಲ. ಆ ಸೊಸೈಟಿ ಇರುವ ರಸ್ತೆಯ ಹೆಸರು ನೃಪತುಂಗ ರಸ್ತೆ. ನೃಪತುಂಗ ಆಳಿದ್ದು ನಮ್ಮ ಕಾಗಿಣೆಯ ದಂಡೆಯ ಮಾನ್ಯಖೇಟದಿಂದ, ಇಂದಿನ ಸೇಡಂ ತಾಲೂಕಿನ ಮಳಖೇಡದಿಂದ. ಅವನ ಹೆಸರಿನ ರಸ್ತೆಯಲ್ಲಿ ಹುಟ್ಟಿದ ಈ ಕೆಲಸ ಅವನ ಊರಿನ ಕಡೆಗೂ ಬರಲಿ ಎಂದು ನನ್ನ ಆಸೆ. ಹಂಪಿಯದೂ ಒಂದು ಮೇಲ್ಪಂಕ್ತಿ ಇದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಡಿಜಿಟಲ್ ಹಂಪಿ ಎಂಬ ಯೋಜನೆ ನಡೆದು, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ಸೇರಿದ್ದರು. ರೈಸ್ ಅವರ ಕಾಲದಲ್ಲಿ ನಮ್ಮ ಕಲಬುರಗಿ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಆದ್ದರಿಂದ ರೈಸ್ ಅವರ ಸಂಪುಟಗಳಲ್ಲಿ ನಮಗೆ ಜಾಗ ಸಿಗಲಿಲ್ಲ. ಹೊಸ ಬಗೆಯ ದಾಖಲೆಯಲ್ಲೂ ನಾವು ಹಿಂದೆ ಬೀಳಬಾರದು.

ಈ ವಿದ್ಯೆಯ ಮಿತಿಯನ್ನೂ ಹೇಳಬೇಕು. ಮಾದರಿ ಕಲ್ಲನ್ನು ಕಾಯುವುದಿಲ್ಲ. ರೋಗಿಯ ಎಕ್ಸ್‌ರೇ ತೆಗೆದ ಮಾತ್ರಕ್ಕೆ ಮೂಳೆ ಕೂಡುತ್ತದೆಯೇ? "ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನು ಕಲ್ಲು ಹೋದರೂ ಚಿಂತೆಯಿಲ್ಲ" ಎಂಬ ಮಾತನ್ನು ಒಂದೆರಡು ಕಡೆ ಕೇಳಿದ್ದೇನೆ. ಅದು ನನಗೆ ಹೆದರಿಕೆ ಹುಟ್ಟಿಸುತ್ತದೆ. ಕಲ್ಲಿನ ಒಳಗಿನ ಬಿರುಕನ್ನು, ಅದರಲ್ಲಿ ಅಡಗಿದ ಉಪ್ಪನ್ನು ಮಾದರಿ ಹೇಳಲಾರದು. ಮುಂದಿನ ಕಾಲದ ಪಂಡಿತರು ಕಲ್ಲಿಗೆ ಕೇಳಬೇಕಾದ ಪ್ರಶ್ನೆಗಳು ನಮಗೆ ಇನ್ನೂ ಹೊಳೆದೇ ಇಲ್ಲ. ಅವಕ್ಕೆ ಉತ್ತರ ಕೊಡುವುದು ಕಲ್ಲೇ ಹೊರತು ಫೈಲಲ್ಲ.

ಫೈಲೂ ಪದರು ಏಳುತ್ತದೆ, ಕೇಳುಗರೇ. ಇಂಗ್ಲೆಂಡಿನಲ್ಲಿ ಬಿಬಿಸಿಯವರು 1986ರಲ್ಲಿ ದೇಶದ ಊರೂರಿನ ಚಿತ್ರ, ಮಾಹಿತಿಗಳನ್ನು ದೊಡ್ಡ ಡಿಸ್ಕುಗಳಲ್ಲಿ ತುಂಬಿಸಿಟ್ಟರು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕು ಓದುವ ಯಂತ್ರಗಳೇ ಅಪರೂಪವಾದವು. ಒಂಬೈನೂರಕ್ಕೂ ಹೆಚ್ಚು ವರ್ಷದ ಹಿಂದೆ ಅದೇ ದೇಶದಲ್ಲಿ ಚರ್ಮದ ಮೇಲೆ ಬರೆದ ಡೂಮ್ಸ್‌ಡೇ ಲೆಕ್ಕಪತ್ರವನ್ನು ಈಗಲೂ ಓದಬಹುದು. ಆದ್ದರಿಂದ ಮಾದರಿ ಒಂದೇ ಸಾಲದು, ಅದನ್ನು ಮಾಡಿದ ಮೂಲ ಫೋಟೋಗಳನ್ನೆಲ್ಲ ಇಟ್ಟುಕೊಳ್ಳಬೇಕು. ನಾಳೆ ಇನ್ನೂ ಒಳ್ಳೆಯ ಸಾಫ್ಟ್‌ವೇರು ಬಂದಾಗ ಅದೇ ಫೋಟೋಗಳಿಂದ ಇನ್ನೂ ನಿಖರ ಮಾದರಿ ಹೊರಡುತ್ತದೆ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಯಾವ ದಿನ, ಯಾರು, ಯಾವ ಕ್ಯಾಮೆರಾದಿಂದ ತೆಗೆದದ್ದು ಎಂದು ಒಂದು ಕಾಗದದ ಮೇಲೂ ಬರೆದಿಡಿ.

ಕನಗನಹಳ್ಳಿಯಂಥ ಸಂರಕ್ಷಿತ ಜಾಗದಲ್ಲಿ ಮಾದರಿ ತೆಗೆಯುವುದು ಇಲಾಖೆಯ ತಜ್ಞರು ಮಾಡಬೇಕಾದ ಕೆಲಸ. ನಮ್ಮ ಊರುಗಳ ಕಲ್ಲುಗಳ ಮಾತು ಬೇರೆ. ಜೈನಧರ್ಮದ ಇತಿಹಾಸ ಬರೆದ ಪಿ.ಬಿ. ದೇಸಾಯಿ ಅವರು ತಮ್ಮ 1957ರ ಗ್ರಂಥದಲ್ಲಿ ಸೇಡಂ, ಮಳಖೇಡ, ಅಡಕಿಗಳ ಜೊತೆ ನಮ್ಮ ಭಂಕೂರಿನ ಹಳೆಯ ಬಸದಿಯನ್ನೂ ನೆನೆದಿದ್ದಾರೆ. ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಇದೆ, ಒಂದು ಕಾಲದ ಘಟಿಕಾಸ್ಥಾನ. ಅಂಥ ಹೆಸರಿದ್ದ ಜಾಗಗಳನ್ನು ಬಿಡಿ, ಹನುಮಪ್ಪನ ಗುಡಿಯ ಹಿಂದೆ, ಹಾಳುಬಾವಿಯ ದಂಡೆಗೆ, ಹುಣಸೆಮರದ ಬುಡಕ್ಕೆ ಒರಗಿಸಿದ ವೀರಗಲ್ಲು, ನಾಗರಕಲ್ಲು, ಕೈ ಮುರಿದ ಮೂರ್ತಿಗಳು ಎಷ್ಟಿಲ್ಲ? ಭಕ್ತಿಯಿಂದ ಎಣ್ಣೆ ಹಚ್ಚುತ್ತೇವೆ. ಜಾತ್ರೆ ಬಂದಾಗ ಎನಾಮಲ್ ಬಣ್ಣ ಬಳಿಯುತ್ತೇವೆ. ಕಟ್ಟೆ ಕಟ್ಟುವಾಗ ಸಿಮೆಂಟಿನಲ್ಲಿ ಅರ್ಧ ಹೂಳುತ್ತೇವೆ. ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ, ಆ ಪೂಜೆಯೇ ಎಷ್ಟೋ ಕಲ್ಲುಗಳನ್ನು ಇವತ್ತಿನವರೆಗೆ ಕಾದಿದೆ. ಬಣ್ಣ ಬಳಿಯುವ ಹಿಂದಿನ ದಿನ ಊರಿನ ಹಿರಿಯರನ್ನು, ಪೂಜಾರಿಯನ್ನು ಕೇಳಿ, ಚಪ್ಪಲಿ ಬಿಟ್ಟು, ಕಲ್ಲನ್ನು ಮುಟ್ಟದೆ ಒಂದು ತಾಸು ಫೋಟೋ ತೆಗೆದುಕೊಳ್ಳಿ ಎಂದಷ್ಟೇ ನನ್ನ ಬಿನ್ನಹ.

ಹೋದ ಬೇಸಿಗೆಯಲ್ಲಿ ನಾನೂ ನಮ್ಮೂರಿನ ನಾಲ್ಕು ಮಂದಿ ಕಾಲೇಜು ಹುಡುಗ ಹುಡುಗಿಯರೂ ಒಂದು ವೀರಗಲ್ಲಿನ ಮೇಲೆ ಕೈ ನೋಡಿದೆವು. ಒಂದು ಮೊಬೈಲು, ಒಂದು ಅಳತೆಪಟ್ಟಿ, ಅಷ್ಟೇ ಸಾಮಾನು. ಸೊಂಟದ ಎತ್ತರದಲ್ಲಿ ಒಂದು ಸುತ್ತು, ತಲೆಯ ಎತ್ತರದಲ್ಲಿ ಒಂದು, ಕುಕ್ಕರಗಾಲಲ್ಲಿ ಒಂದು. ಪ್ರತಿ ಫೋಟೋದಲ್ಲೂ ಹಿಂದಿನ ಫೋಟೋದ ಮುಕ್ಕಾಲು ಪಾಲು ಮತ್ತೆ ಬರುವ ಹಾಗೆ. ರಾತ್ರಿಯೆಲ್ಲ ಒಬ್ಬಳ ಲ್ಯಾಪ್‌ಟಾಪು ಗುಂಯ್‌ಗುಟ್ಟಿತು. ಬೆಳಿಗ್ಗೆ ಪರದೆಯ ಮೇಲೆ ವೀರ ಎದ್ದು ನಿಂತಿದ್ದ. ಅವನ ಕುದುರೆಯ ಕುತ್ತಿಗೆಯಲ್ಲಿ ಒಂದು ಗಂಟೆ ಇತ್ತು. ಅರವತ್ತು ವರ್ಷದಿಂದ ಆ ಕಲ್ಲಿನ ಮುಂದೆ ಓಡಾಡಿದ ನಾನು ಅದನ್ನು ನೋಡಿರಲೇ ಇಲ್ಲ. ಆದರೆ ಎಡಗಡೆ ಒಂದು ದೊಡ್ಡ ತೂತು ಬಿದ್ದಿತ್ತು, ವೀರನ ಭುಜವೇ ಇರಲಿಲ್ಲ. ಎಣ್ಣೆಯ ಹೊಳಪಿಗೆ ಬಿಸಿಲು ಬಡಿದು, ಚುಕ್ಕೆಗಳು ಕಂಪ್ಯೂಟರಿಗೆ ಸಿಕ್ಕಿರಲಿಲ್ಲ. ಬಿಸಿಲಿನಲ್ಲಿ ತೆಗೆದದ್ದು ನಮ್ಮ ತಪ್ಪು. ಇಂಥ ಕೆಲಸಕ್ಕೆ ಮೋಡದ ದಿನ ಬೇಕು, ನೆರಳೂ ಬೀಳದ, ಹೊಳಪೂ ಏಳದ ಮಂದ ಬೆಳಕು ಬೇಕು.

ಮೃಗಶಿರ ಮಳೆಯ ಮೊದಲ ಮೋಡ ಕವಿದ ಮುಂಜಾನೆಗೆ ಮತ್ತೆ ಹೋಗುವುದೆಂದು ಮಾತಾಗಿದೆ. ಅಳತೆಪಟ್ಟಿ ನನ್ನ ಚೀಲದಲ್ಲೇ ಇದೆ.